ವಿಎಲ್‌ಎಸ್‌ಐನಾ, ಎಂಬೆಡೆಡ್ಡಾ: ಯಾವ ಸ್ಕಿಲ್ ಹಿಡಿದು ಕೂರಬೇಕು?

ಎಲೆಕ್ಟ್ರಾನಿಕ್ಸ್ ಓದುವವರು ಐದನೇ ಆರನೇ ಸೆಮಿಸ್ಟರ್ ಹೊತ್ತಿಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ವಿಎಲ್‌ಎಸ್‌ಐ (ಚಿಪ್ ಡಿಸೈನ್) ಹಿಡಿಯಲಾ, ಎಂಬೆಡೆಡ್ (ಸಾಧನದೊಳಗಿನ ಪುಟ್ಟ ಕಂಪ್ಯೂಟರ್‌ಗಳ ಕೆಲಸ) ಹಿಡಿಯಲಾ, ಇಲ್ಲಾ ಇದೆಲ್ಲ ಬಿಟ್ಟು ಜಾವಾ ಕಲಿತು ಸಾಫ್ಟ್‌ವೇರ್ ಕಂಪನಿ ಸೇರಿಬಿಡಲಾ? ಮೂರನೇ ದಾರಿಗೆ ಹೋಗುವವರು ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲೇ ಉಳಿಯಬೇಕು ಅನ್ನುವವರಿಗೆ ಈ ಲೇಖನ.

ಮೊದಲ ತೊಡಕು ಪ್ರಶ್ನೆಯಲ್ಲೇ ಇದೆ. ಕಟ್ಟಡದ ಕೆಲಸ ಅಂದರೆ ಅದರಲ್ಲಿ ಗಾರೆಯವರು, ಕಂಬಿ ಕಟ್ಟುವವರು, ಪ್ಲಂಬರ್, ಲೆಕ್ಕ ಹಾಕುವ ಎಂಜಿನಿಯರ್ ಎಲ್ಲರೂ ಬರುತ್ತಾರಲ್ಲ, ವಿಎಲ್‌ಎಸ್‌ಐ ಅನ್ನುವುದೂ ಹಾಗೇ. ಆರ್‌ಟಿಎಲ್ ಡಿಸೈನ್ (ಚಿಪ್‌ನ ತರ್ಕವನ್ನು ಕೋಡ್‌ನಲ್ಲಿ ಬರೆಯುವುದು), ವೆರಿಫಿಕೇಶನ್ (ಅದು ಸರಿಯಿದೆಯಾ ಅಂತ ಪರೀಕ್ಷಿಸುವುದು), ಡಿಎಫ್‌ಟಿ (ತಯಾರಾದ ಚಿಪ್ಪನ್ನು ಪರೀಕ್ಷಿಸುವ ಏರ್ಪಾಡನ್ನು ಡಿಸೈನ್‌ನಲ್ಲೇ ಸೇರಿಸುವುದು), ಫಿಸಿಕಲ್ ಡಿಸೈನ್ (ಆ ಕೋಡನ್ನು ಚಿಪ್‌ನ ನಕ್ಷೆಯಾಗಿಸುವುದು), ಅನಲಾಗ್ ಡಿಸೈನ್ (ಟ್ರಾನ್ಸಿಸ್ಟರ್ ಮಟ್ಟದ ಸರ್ಕ್ಯೂಟ್), ಲೇಔಟ್ (ಆ ಸರ್ಕ್ಯೂಟಿನ ನಕ್ಷೆ ಬಿಡಿಸುವುದು) ಇಷ್ಟೂ ಬೇರೆ ಬೇರೆ ಕಸುಬು. ಒಂದರಲ್ಲಿ ಹತ್ತು ವರ್ಷ ಪಳಗಿದವರು ಇನ್ನೊಂದಕ್ಕೆ ಹೋದರೆ ಹೊಸಬರೇ. ಎಂಬೆಡೆಡ್ ಕಥೆಯೂ ಅಷ್ಟೇ: ಚಿಕ್ಕ ಮೈಕ್ರೋಕಂಟ್ರೋಲರ್‌ಗೆ (ಸಾಧನ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಫರ್ಮ್‌ವೇರ್ (ಅದರೊಳಗೇ ಕೂರುವ ಸಾಫ್ಟ್‌ವೇರ್) ಬರೆಯುವುದು ಬೇರೆ, ಲಿನಕ್ಸ್ ಡ್ರೈವರ್ ಬರೆಯುವುದು ಬೇರೆ, ಬೋರ್ಡ್ ಡಿಸೈನ್ ಮಾಡುವುದು ಇನ್ನೂ ಬೇರೆ. ಆರಿಸಬೇಕಾದ್ದು ಇವುಗಳಲ್ಲಿ ಒಂದನ್ನು. ವಿಎಲ್‌ಎಸ್‌ಐ, ಎಂಬೆಡೆಡ್ ಅನ್ನುವ ದೊಡ್ಡ ಹೆಸರನ್ನಷ್ಟೇ ಆರಿಸಿದರೆ ಏನೂ ಆರಿಸಿದ ಹಾಗಾಗುವುದಿಲ್ಲ.

ಈ ಪ್ರಶ್ನೆ ಈಗ ಇಷ್ಟು ಜೋರಾಗಿರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಗುಜರಾತಿನ ಸಾನಂದ್‌ನಲ್ಲಿ ಅಮೆರಿಕದ ಮೈಕ್ರಾನ್ ಕಂಪನಿಯ ಚಿಪ್ ಘಟಕಕ್ಕೆ ಅನುಮತಿ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಧೊಲೇರಾದ ಫ್ಯಾಬ್ (ಚಿಪ್ ಕಾರ್ಖಾನೆ), ಅಂದರೆ ಟಾಟಾ ಮತ್ತು ತೈವಾನಿನ ಪಿಎಸ್‌ಎಂಸಿ ಸೇರಿ ಕಟ್ಟುವ 91,000 ಕೋಟಿಯ ಯೋಜನೆ. ನಮ್ಮ ಮೈಸೂರಿನ ಕೇನ್ಸ್ ಕಂಪನಿಯೂ ಚಿಪ್ ಪ್ಯಾಕೇಜಿಂಗ್‌ಗೆ ಇಳಿಯಿತು, ಆದರೆ ಘಟಕ ಮಾತ್ರ ಸಾನಂದ್‌ನಲ್ಲಿ. 2023ರಲ್ಲೇ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ವಿಎಲ್‌ಎಸ್‌ಐಗೆ ಅಂತಲೇ ಬೇರೆ ಬಿ.ಟೆಕ್ ಪಠ್ಯಕ್ರಮ ಮಾಡಿತು. ಇಷ್ಟೆಲ್ಲ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಮನೆಯಲ್ಲಿ ಅಪ್ಪ ಅಮ್ಮ "ಚಿಪ್ ಕೋರ್ಸ್ ಮಾಡು" ಅನ್ನದೆ ಇರುತ್ತಾರಾ?

ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ಫ್ಯಾಬ್‌ನಲ್ಲಿ ಚಿಪ್ ತಯಾರಾಗುತ್ತದೆ, ಅಲ್ಲಿ ಬೇಕಾಗುವುದು ಜಾಸ್ತಿ ಪ್ರೋಸೆಸ್ ಎಂಜಿನಿಯರ್‌ಗಳು, ಕೆಮಿಕಲ್ ಮತ್ತು ಮೆಟೀರಿಯಲ್ಸ್ ಓದಿದವರು, ಮೆಷಿನ್ ನೋಡಿಕೊಳ್ಳುವವರು. ಬೆಂಗಳೂರಿನಲ್ಲಿ ಇರುವುದು ಡಿಸೈನ್. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದಾಗಿನಿಂದ ಈ ಕೆಲಸ ನಡೆಯುತ್ತಲೇ ಇದೆ, ಇಂಟೆಲ್, ಕ್ವಾಲ್‌ಕಾಮ್, ಎಎಂಡಿ, ಎನ್‌ಎಕ್ಸ್‌ಪಿ ಎಲ್ಲರ ತಂಡಗಳೂ ಇಲ್ಲಿವೆ. ಧೊಲೇರಾ ಫ್ಯಾಬ್ ನಾಳೆ ಶುರುವಾದರೂ ಮಾರತ್ತಹಳ್ಳಿಯಲ್ಲಿ ಸಿಸ್ಟಮ್‌ವೆರಿಲಾಗ್ (ಚಿಪ್ ಡಿಸೈನ್ ಮಾಡಲು, ಪರೀಕ್ಷಿಸಲು ಬಳಸುವ ಭಾಷೆ) ಬರೆಯುವವರ ಕೆಲಸ ಅದರಿಂದ ನೇರವಾಗಿ ಹೆಚ್ಚುವುದಿಲ್ಲ, ಆ ಫ್ಯಾಬ್ ತಡವಾದರೆ ಕಡಿಮೆಯೂ ಆಗುವುದಿಲ್ಲ. ಹಾಗಾಗಿ ಫ್ಯಾಬ್ ಸುದ್ದಿ ನೋಡಿ ಸ್ಕಿಲ್ ಆರಿಸುವುದು ಬೇಡ.

ಹಾಗಾದರೆ ಏನು ನೋಡಿ ಆರಿಸಬೇಕು? ಸಂಬಳ, ಬೇಡಿಕೆ ಎಲ್ಲ ನೋಡಲೇಬೇಕು, ಸರಿ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ, ಇದನ್ನು ಯಾರೂ ಕೇಳುವುದಿಲ್ಲ: ನಾನು ತಪ್ಪು ಮಾಡಿದರೆ ಅದು ನನ್ನ ಮೇಜಿನ ಮೇಲೆ, ನನ್ನ ಹತ್ತಿರ ಇರುವ ಸಾಮಾನಿನಲ್ಲಿ, ಇನ್ನೊಬ್ಬರ ಸಹಾಯ ಇಲ್ಲದೆ ನನಗೆ ಕಾಣುತ್ತದಾ? ಕಾಣುವುದಾದರೆ ಆ ಸ್ಕಿಲ್‌ನಲ್ಲಿ ಪಳಗಬಹುದು. ಕಾಣದಿದ್ದರೆ ಎಷ್ಟು ವಿಡಿಯೋ ನೋಡಿದರೂ ನೀವು ನೋಡುಗರೇ. ಎಲೆಕ್ಟ್ರಾನಿಕ್ಸ್‌ನಲ್ಲಿ ಒಂದೊಂದು ಕಸುಬಿಗೂ ಇದರ ಉತ್ತರ ಬೇರೆ ಬೇರೆ ಬರುತ್ತದೆ.

ವೆರಿಫಿಕೇಶನ್ ತೆಗೆದುಕೊಳ್ಳಿ. ಹೊಸಬರು ಎಲ್ಲರೂ ಡಿಸೈನರ್ ಆಗಬೇಕು ಅನ್ನುತ್ತಾರೆ, ವೆರಿಫಿಕೇಶನ್ ಅಂದರೆ ಮುಖ ಸಣ್ಣ ಮಾಡುತ್ತಾರೆ. ಯಾಕೋ ಅದಕ್ಕೆ ಟೆಸ್ಟಿಂಗ್ ಅನ್ನುವ ಹಣೆಪಟ್ಟಿ ಬಿದ್ದಿದೆ. ನಿಜ ಏನಂದರೆ ದೊಡ್ಡ ಚಿಪ್ ಪ್ರಾಜೆಕ್ಟಿನಲ್ಲಿ ಡಿಸೈನ್ ಮಾಡುವವರಿಗಿಂತ ವೆರಿಫಿಕೇಶನ್ ಮಾಡುವವರು ಜಾಸ್ತಿ ಇರುವುದು ಮಾಮೂಲು. ಕಾರಣವೂ ಸರಳ. ಆಪ್‌ನಲ್ಲಿ ಬಗ್ ಬಂದರೆ ಸಂಜೆಯೊಳಗೆ ಅಪ್‌ಡೇಟ್ ಕಳಿಸಬಹುದು, ಸಿಲಿಕಾನ್‌ನಲ್ಲಿ ಬಂದರೆ ಬಹಳ ಸಲ ಮಾಸ್ಕ್ (ಚಿಪ್ ಮೂಡಿಸುವ ಅಚ್ಚು) ಮತ್ತೆ ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. 1994ರಲ್ಲಿ ಪೆಂಟಿಯಂ ಪ್ರೊಸೆಸರ್‌ನ ಭಾಗಾಕಾರದಲ್ಲಿ ತಪ್ಪು ಸಿಕ್ಕಿತು. ಅದರೊಳಗಿನ ಒಂದು ಕೋಷ್ಟಕದಲ್ಲಿ ಕೆಲವು ಜಾಗ ಖಾಲಿ ಉಳಿದುಹೋಗಿದ್ದವು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಿತ್ತು, 1.33374 ಬರುತ್ತಿತ್ತು. ನಾಲ್ಕನೇ ದಶಮಾಂಶದಲ್ಲಿ ಎಡವಟ್ಟು, ಅಷ್ಟೇ. ಇಂಟೆಲ್ ಅದಕ್ಕೆ ತೆತ್ತದ್ದು 47.5 ಕೋಟಿ ಡಾಲರ್.

ಈಗ ಇದನ್ನೇ ನಿಮ್ಮ ಲ್ಯಾಪ್‌ಟಾಪ್‌ಗೆ ತನ್ನಿ. ಎಂಟು ಜಾಗದ ಒಂದು ಫಿಫೋ (ಮೊದಲು ಬಂದ ಡೇಟಾ ಮೊದಲು ಹೊರಗೆ ಹೋಗುವ ಸಾಲು) ಬರೆಯಿರಿ. ಒಳಗೆ ಎಷ್ಟು ಡೇಟಾ ಇದೆ ಅಂತ ಎಣಿಸಲು ಒಂದು ಕೌಂಟರ್. ಬಹಳ ಜನ ಬರೆಯುವುದು ಹೀಗೆ: ರೈಟ್ ಬಂದರೆ ಕೌಂಟರ್ ಒಂದು ಏರಿಸು, ಇಲ್ಲದಿದ್ದರೆ, ರೀಡ್ ಬಂದರೆ ಒಂದು ಇಳಿಸು. ನೋಡಲು ಸರಿಯಾಗೇ ಇದೆ, ಅಲ್ವಾ? ಎಂಟು ಸಲ ಬರೆದು ಎಂಟು ಸಲ ಓದಿ ನೋಡಿದರೆ ಟೆಸ್ಟ್ ಪಾಸ್. ಲ್ಯಾಬ್ ರೆಕಾರ್ಡ್‌ಗೆ ಸಹಿಯೂ ಬೀಳುತ್ತದೆ. ಆದರೆ ಒಂದೇ ಕ್ಲಾಕ್‌ನಲ್ಲಿ (ಚಿಪ್‌ನ ಒಂದೇ ಮಿಡಿತದಲ್ಲಿ) ರೈಟ್ ಮತ್ತು ರೀಡ್ ಎರಡೂ ಬಂದರೆ? ಒಂದು ಒಳಗೆ ಬಂತು, ಒಂದು ಹೊರಗೆ ಹೋಯಿತು, ಲೆಕ್ಕ ಹಾಗೇ ಇರಬೇಕು. ಈ ಕೋಡ್‌ನಲ್ಲಿ ಮಾತ್ರ ಒಂದು ಏರುತ್ತದೆ. ಹೀಗೆ ಮೂರು ಸಲ ಆದರೆ ಒಳಗೆ ಐದೇ ಇದ್ದರೂ ಫಿಫೋ "ತುಂಬಿದೆ" ಅನ್ನುತ್ತದೆ. ಕೈಯಲ್ಲಿ ಬರೆದ ಟೆಸ್ಟ್ ಇದನ್ನು ಹಿಡಿಯಲಿಲ್ಲ, ಯಾಕೆಂದರೆ ಬರೆದವರ ತಲೆಯಲ್ಲೇ ಆ ಸಂದರ್ಭ ಇರಲಿಲ್ಲ. ರೈಟ್, ರೀಡ್ ಎರಡನ್ನೂ ಯಾದೃಚ್ಛಿಕವಾಗಿ ಕೊಟ್ಟು, ಪಕ್ಕದಲ್ಲಿ ಒಂದು ಸರಳ ಮಾದರಿ ಇಟ್ಟು ಎರಡನ್ನೂ ಪ್ರತಿ ಕ್ಲಾಕ್‌ಗೂ ಹೋಲಿಸಿ ನೋಡಿದರೆ ಸಿಮ್ಯುಲೇಶನ್‌ನ ಮೊದಲ ಕೆಲವು ಹತ್ತು ಕ್ಲಾಕ್‌ಗಳಲ್ಲೇ ಸಿಕ್ಕಿಬೀಳುತ್ತದೆ. ಯುವಿಎಂ ಅನ್ನುವ ವೆರಿಫಿಕೇಶನ್ ಪದ್ಧತಿಯ ದೊಡ್ಡ ಹೆಸರಿನ ಹಿಂದೆ ಇರುವ ಯೋಚನೆಯ ತಿರುಳು ಇದೇ, ಉಳಿದದ್ದು ಅದನ್ನು ದೊಡ್ಡ ತಂಡದಲ್ಲಿ ಅಚ್ಚುಕಟ್ಟಾಗಿ ಮಾಡುವ ಕ್ರಮ.

ಇದಕ್ಕೆ ಬೇಕಾದದ್ದು ಕೋಡ್ ಓಡಿಸಿ ನೋಡಲು ಐಕಾರಸ್ ವೆರಿಲಾಗ್ ಅಥವಾ ವೆರಿಲೇಟರ್, ಅಲೆಗಳನ್ನು ನೋಡಲು ಜಿಟಿಕೆವೇವ್, ಪೈಥಾನ್ ಗೊತ್ತಿದ್ದರೆ ಅದರಲ್ಲೇ ಟೆಸ್ಟ್ ಬರೆಯಲು ಕೋಕೋಟಿಬಿ. ಎಲ್ಲವೂ ಉಚಿತ. ಮಾಮೂಲಿ ಲ್ಯಾಪ್‌ಟಾಪ್ ಸಾಕು. ತಪ್ಪು ಕಣ್ಣೆದುರೇ ಕಾಣುತ್ತದೆ. ಹಾಗಾಗಿ ದುಡ್ಡಿಲ್ಲದ, ಹೇಳಿಕೊಡುವವರಿಲ್ಲದ ಕಾಲೇಜಿನಿಂದ ಬಂದವರಿಗೆ ಚಿಪ್ ಲೋಕದ ಒಳಗೆ ಹೋಗಲು ಇದಕ್ಕಿಂತ ತೆರೆದ ಬಾಗಿಲು ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ: ದಿನದ ಕೆಲಸ ಅಂದರೆ ಲಾಗ್ ಫೈಲ್ ಓದುವುದು, ನಿನ್ನೆ ರಾತ್ರಿ ಓಡಿಸಿದ ಸಾವಿರಾರು ಟೆಸ್ಟ್‌ಗಳಲ್ಲಿ ಯಾವುದು ಬಿತ್ತು, ಯಾಕೆ ಬಿತ್ತು ಅಂತ ಹುಡುಕುವುದು. ಅದರಲ್ಲಿ ಖುಷಿ ಸಿಗುವವರಿಗೆ ಸಿಗುತ್ತದೆ. ಬೋರ್ಡು, ವೈರು, ಸೋಲ್ಡರ್ ವಾಸನೆ ಇಷ್ಟಪಡುವವರು ಅಲ್ಲಿ ಒಣಗಿಹೋಗುತ್ತಾರೆ.

ಫಿಸಿಕಲ್ ಡಿಸೈನ್ ಕಥೆ ಸ್ವಲ್ಪ ಬೇರೆ. 2020ರಲ್ಲಿ ಗೂಗಲ್ ಮತ್ತು ಚಿಪ್ ತಯಾರಕ ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್ ತಂತ್ರಜ್ಞಾನದ ಪಿಡಿಕೆಯನ್ನು (ಆ ಫ್ಯಾಬ್‌ಗೆ ಡಿಸೈನ್ ಮಾಡಲು ಬೇಕಾದ ನಿಯಮ, ಮಾದರಿಗಳ ಕಟ್ಟು) ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಓಪನ್‌ಲೇನ್ ಅನ್ನುವ ಉಚಿತ ಟೂಲ್ ಹಾಕಿಕೊಂಡು ಮನೆಯಲ್ಲೇ ವೆರಿಲಾಗ್‌ನಿಂದ ಲೇಔಟ್‌ವರೆಗೆ ಹೋಗಬಹುದು. ಸೆಟಪ್ ಟೈಮ್, ಹೋಲ್ಡ್ ಟೈಮ್ (ಕ್ಲಾಕ್ ಬಡಿಯುವ ಮುಂಚೆ ಮತ್ತು ಆಮೇಲೆ ಡೇಟಾ ಬದಲಾಗದೆ ನಿಲ್ಲಬೇಕಾದ ಹೊತ್ತು) ಪುಸ್ತಕದಲ್ಲಿ ಓದುವುದಕ್ಕೂ ಸ್ವಂತ ಡಿಸೈನ್‌ನ ಟೈಮಿಂಗ್ ರಿಪೋರ್ಟಿನಲ್ಲಿ ಮೈನಸ್ ನೋಡುವುದಕ್ಕೂ ವ್ಯತ್ಯಾಸ ಇದೆ. ಸೆಟಪ್ ತಪ್ಪಿದರೆ ಕ್ಲಾಕ್ ನಿಧಾನ ಮಾಡಿ ಬಚಾವಾಗಬಹುದು, ಹೋಲ್ಡ್ ತಪ್ಪಿದರೆ ಕ್ಲಾಕ್ ಎಷ್ಟು ನಿಧಾನ ಮಾಡಿದರೂ ಚಿಪ್ ಸರಿಹೋಗುವುದಿಲ್ಲ. ಇಂಟರ್‌ವ್ಯೂಗಳಲ್ಲಿ ಇದು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಆದರೆ ಕಂಪನಿಗಳು ಬಳಸುವುದು ಸಿನಾಪ್ಸಿಸ್, ಕೇಡೆನ್ಸ್ ಟೂಲ್‌ಗಳು, ಅವು ಮನೆಗೆ ಸಿಗುವುದಿಲ್ಲ. ಕೇಂದ್ರದ ಚಿಪ್ಸ್ ಟು ಸ್ಟಾರ್ಟ್‌ಅಪ್ ಕಾರ್ಯಕ್ರಮದಡಿ 85,000 ಎಂಜಿನಿಯರ್‌ಗಳನ್ನು ತಯಾರು ಮಾಡುವ ಗುರಿ ಇದೆ, ಅದರಲ್ಲಿ ಸೇರಿದ ಕಾಲೇಜುಗಳಿಗೆ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರದ ಮೂಲಕ ಈ ಟೂಲ್‌ಗಳು ಸಿಗುತ್ತವೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ ಅಂತ ಎಚ್‌ಒಡಿ ಅವರನ್ನು ಕೇಳಿ. ಇದ್ದೂ ವಿದ್ಯಾರ್ಥಿಗಳಿಗೆ ಗೊತ್ತೇ ಇಲ್ಲ ಅನ್ನುವ ಹಾಗೆ ಆಗಬಾರದು.

ಅನಲಾಗ್ ಡಿಸೈನ್ ಬಗ್ಗೆ ಎರಡೇ ಮಾತು. ಬಹಳ ಗೌರವದ ಕೆಲಸ, ಬಹಳ ನಿಧಾನದ ಕಲಿಕೆ, ಡಿಸೈನ್ ಹುದ್ದೆಗಳಿಗೆ ಸಾಮಾನ್ಯವಾಗಿ ಒಳ್ಳೆಯ ಕಡೆ ಎಂ.ಟೆಕ್ ಮಾಡಿದವರನ್ನೇ ನೋಡುತ್ತಾರೆ. ಟ್ರಾನ್ಸಿಸ್ಟರ್ ಕಂಡರೆ ನಿಜವಾಗಿ ಪ್ರೀತಿ ಇದ್ದವರು ಗೇಟ್ ಪರೀಕ್ಷೆ ಬರೆದು ಆ ದಾರಿ ಹಿಡಿಯಲಿ. ಬಿ.ಇ. ಮುಗಿದ ಕೂಡಲೇ ಕೆಲಸ ಬೇಕು ಅನ್ನುವವರಿಗೆ ಅಲ್ಲಿ ಲೇಔಟ್ ಮಾತ್ರ ಸುಲಭಕ್ಕೆ ಸಿಗುವುದು.

ಈಗ ಎಂಬೆಡೆಡ್. ಇಲ್ಲಿ ಆರ್ಡುಯಿನೋ ಅನ್ನುವ ಕಲಿಕೆಯ ಬೋರ್ಡಿನಿಂದ ಶುರು ಮಾಡಿ ಆರ್ಡುಯಿನೋದಲ್ಲೇ ಮುಗಿಸುವವರು ತುಂಬಾ ಜನ. ಲೈಬ್ರರಿ ಹಾಕಿದರೆ ಸೆನ್ಸರ್ ಓದುತ್ತದೆ, ಮೊಬೈಲ್‌ನಲ್ಲಿ ಗ್ರಾಫ್ ಬರುತ್ತದೆ, ಪ್ರಾಜೆಕ್ಟ್ ಆಯಿತು. ಅದು ಶುರುವಿಗೆ ಚೆನ್ನ. ಕಂಪನಿ ದುಡ್ಡು ಕೊಡುವುದು ಮಾತ್ರ ಆ ಲೈಬ್ರರಿ ಕೈಕೊಟ್ಟಾಗ ಏನು ಮಾಡುತ್ತೀರಿ ಅನ್ನುವುದಕ್ಕೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿಗೆ ಐ2ಸಿ (ಎರಡು ವೈರಿನ ಮೇಲೆ ಚಿಪ್‌ಗಳು ಮಾತಾಡುವ ಪದ್ಧತಿ) ಮೂಲಕ ಒಂದು ಸೆನ್ಸರ್ ಜೋಡಿಸಿದ್ದೀರಿ, 400 ಕಿಲೋಹರ್ಟ್ಸ್. ಬ್ರೆಡ್‌ಬೋರ್ಡ್ ಮೇಲೆ ಗೇಣುದ್ದದ ವೈರಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಡಬ್ಬಿಯೊಳಗೆ ಕೂರಿಸಲು ಒಂದೂವರೆ ಮೀಟರ್ ಕೇಬಲ್ ಹಾಕಿದ ತಕ್ಷಣ ಸೆನ್ಸರ್ ಮಾಯ, ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ. ಕೋಡ್ ನೋಡಿ ನೋಡಿ ಕಣ್ಣು ನೋಯುತ್ತದೆ, ಕೋಡ್‌ನಲ್ಲಿ ಏನೂ ಇಲ್ಲ. ಕಡಿಮೆ ಬೆಲೆಯ ಎಂಟು ಚಾನಲ್ ಲಾಜಿಕ್ ಅನಲೈಸರ್ ಸಿಗುತ್ತದೆ, ಪಲ್ಸ್‌ವ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಜೊತೆ ಹಾಕಿದರೆ ಸೆನ್ಸರ್ ಉತ್ತರ ಕೊಡುತ್ತಿಲ್ಲ ಅನ್ನುವುದು ಕಾಣುತ್ತದೆ. ಯಾಕೆ ಅನ್ನುವುದು ಕಾಣುವುದಿಲ್ಲ, ಯಾಕೆಂದರೆ ಅನಲೈಸರ್‌ಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಕಾಲೇಜ್ ಲ್ಯಾಬಿನ ಆಸಿಲೋಸ್ಕೋಪ್ ಹಾಕಿ. ನೇರ ಗೋಡೆ ಥರ ಏರಬೇಕಾದ ಸಿಗ್ನಲ್ ಸೋಮಾರಿಯಾಗಿ ಬಾಗಿ ಬಾಗಿ ಏರುತ್ತಿರುತ್ತದೆ.

ಐ2ಸಿಯಲ್ಲಿ ಲೈನನ್ನು ಕೆಳಗೆ ಎಳೆಯುವುದು ಚಿಪ್, ಮೇಲೆ ಎತ್ತುವುದು ಪುಲ್‌ಅಪ್ ರೆಸಿಸ್ಟರ್. ಕೇಬಲ್ ಉದ್ದವಾದಷ್ಟೂ ಕೆಪ್ಯಾಸಿಟೆನ್ಸ್ ಜಾಸ್ತಿ, ರೆಸಿಸ್ಟರ್ ಅದನ್ನು ತುಂಬಿಸಲು ಹೊತ್ತು ತೆಗೆದುಕೊಳ್ಳುತ್ತದೆ. ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಬರುವ 4.7 ಕಿಲೋಓಮ್ ಮತ್ತು ಕೇಬಲ್, ಪಿನ್ ಎಲ್ಲ ಸೇರಿ 200 ಪಿಕೋಫ್ಯಾರಡ್ ಅಂದುಕೊಳ್ಳಿ. ಏರುವ ಸಮಯ ಸುಮಾರು 0.85 ಗುಣಿಸು ಆರ್ ಗುಣಿಸು ಸಿ, ಅಂದರೆ 800 ನ್ಯಾನೋಸೆಕೆಂಡ್ ಹತ್ತಿರ. ಐ2ಸಿ ನಿಯಮ 100 ಕಿಲೋಹರ್ಟ್ಸ್‌ಗೆ 1000 ನ್ಯಾನೋಸೆಕೆಂಡ್‌ವರೆಗೆ ಬಿಡುತ್ತದೆ, 400 ಕಿಲೋಹರ್ಟ್ಸ್‌ಗೆ 300 ಮಾತ್ರ. ಕಥೆ ಅಲ್ಲೇ ಮುಗಿಯಿತು. ವೇಗ ಇಳಿಸಿ, ಇಲ್ಲವೇ ರೆಸಿಸ್ಟರ್ 1.5 ಕಿಲೋಓಮ್‌ಗೆ ಇಳಿಸಿ, ಆಗ 255 ಆಗುತ್ತದೆ. ಇನ್ನೂ ಇಳಿಸುತ್ತಾ ಹೋಗೋಣ ಅಂದರೆ ಅದಕ್ಕೂ ಮಿತಿ ಇದೆ, 3.3 ವೋಲ್ಟ್‌ನಲ್ಲಿ ಸುಮಾರು 1 ಕಿಲೋಓಮ್‌ಗಿಂತ ಕೆಳಗೆ ಹೋದರೆ ಚಿಪ್ ಲೈನನ್ನು ಪೂರ್ತಿ ಕೆಳಗೆ ಎಳೆಯಲಾರದೆ ಹೋಗಬಹುದು.

ಎರಡನೇ ಸೆಮಿಸ್ಟರ್‌ನ ಆರ್‌ಸಿ ಸರ್ಕ್ಯೂಟ್ ಇಲ್ಲಿ ಕೆಲಸಕ್ಕೆ ಬಂತು ನೋಡಿ. ಫರ್ಮ್‌ವೇರ್ ಎಂಜಿನಿಯರ್ ಇದನ್ನು ತಾನೇ ಕಂಡುಹಿಡಿದರೆ ತಂಡದಲ್ಲಿ ಅವರ ಮಾತಿಗೆ ತೂಕ ಬರುತ್ತದೆ. ಸಾಫ್ಟ್‌ವೇರ್ ಓದಿ ಬಂದವರಿಗಿಂತ ಎಲೆಕ್ಟ್ರಾನಿಕ್ಸ್ (ಇಸಿ) ಓದಿದವರಿಗೆ ಇರುವ ಮೇಲುಗೈ ಇದೊಂದೇ: ಸಿಗ್ನಲ್ ಒಂದು ವೋಲ್ಟೇಜ್ ಅನ್ನುವುದು ಗೊತ್ತಿರುವುದು. ಅದನ್ನು ಬಿಟ್ಟುಕೊಟ್ಟು ಬರೀ ಸಿ ಕೋಡ್ ಬರೆಯುವುದಕ್ಕೆ ಪೈಪೋಟಿಗೆ ಇಳಿಯಬೇಡಿ.

ಅಂದ ಹಾಗೆ 8051 ಅನ್ನುವ ಹಳೆಯ ಮೈಕ್ರೋಕಂಟ್ರೋಲರ್ ಬಗ್ಗೆ ಎಲ್ಲರೂ ಬೈಯುತ್ತಾರೆ. 1980ರ ಚಿಪ್ಪನ್ನು ಇನ್ನೂ ಕಲಿಸುತ್ತಾರಲ್ಲ ಅಂತ. ನನಗೆ ಅಷ್ಟು ಕೋಪ ಇಲ್ಲ. ಟೈಮರ್, ಇಂಟರಪ್ಟ್, ರಿಜಿಸ್ಟರ್ ಎಲ್ಲ ಅದರಲ್ಲಿ ಬೆರಳಿಟ್ಟು ತೋರಿಸಬಹುದು. ಸಮಸ್ಯೆ ಇರುವುದು ಅದನ್ನು ಬೋರ್ಡ್ ಮುಟ್ಟದೆ, ಕೀಲ್ ಸಿಮ್ಯುಲೇಟರ್‌ನಲ್ಲಿ ಮಾತ್ರ ಓಡಿಸಿ ಪರೀಕ್ಷೆ ಮುಗಿಸುವುದರಲ್ಲಿ. ಅದಾದ ಮೇಲೆ ಒಂದು ಎಸ್‌ಟಿಎಂ32 ಬೋರ್ಡ್ ತೆಗೆದುಕೊಂಡು ರೆಡಿಮೇಡ್ ಲೈಬ್ರರಿ ಇಲ್ಲದೆ, ಮ್ಯಾನುಯಲ್ ಓದಿ ನೀವೇ ಯುಎಆರ್‌ಟಿ (ಸೀರಿಯಲ್ ಸಂವಹನ) ಡ್ರೈವರ್ ಬರೆಯಿರಿ. ಆಮೇಲೆ ಫ್ರೀಆರ್‌ಟಿಒಎಸ್ ಅಥವಾ ಝೆಫೈರ್ ಥರದ ಪುಟ್ಟ ಆಪರೇಟಿಂಗ್ ಸಿಸ್ಟಮ್. ಕಾರಿನ ಕಡೆ ಮನಸ್ಸಿದ್ದರೆ ಕ್ಯಾನ್ ಬಸ್, ಅಂದರೆ ಕಾರಿನ ಭಾಗಗಳು ಒಂದರ ಜೊತೆ ಇನ್ನೊಂದು ಮಾತಾಡುವ ಪದ್ಧತಿ. ಬಾಷ್ ಇದನ್ನು 1986ರಲ್ಲಿ ಹೊರತಂದದ್ದು, ಇಂದಿಗೂ ಕಾರು ಓಡುವುದು ಅದರ ಮೇಲೆ. ಬಾಷ್, ಮರ್ಸಿಡಿಸ್ ಎರಡರದ್ದೂ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ.

ಯಾರೂ ಸಲಹೆ ಕೊಡದ ಇನ್ನೊಂದು ದಾರಿ ಪವರ್ ಎಲೆಕ್ಟ್ರಾನಿಕ್ಸ್. ಅದು ಇಲೆಕ್ಟ್ರಿಕಲ್‌ನವರದ್ದು ಅಂತ ಇಸಿ ಹುಡುಗರು ಪಕ್ಕಕ್ಕಿಡುತ್ತಾರೆ. ಇವಿ ಚಾರ್ಜರ್, ಬ್ಯಾಟರಿ ಮ್ಯಾನೇಜ್‌ಮೆಂಟ್, ಮೋಟಾರ್ ಕಂಟ್ರೋಲರ್, ಸೋಲಾರ್ ಇನ್ವರ್ಟರ್ ಎಲ್ಲ ಇದೇ. ಏಥರ್ ಥರದ ಸ್ಕೂಟರ್ ಕಂಪನಿ ಇರುವ ಊರಲ್ಲಿ ಇದನ್ನು ಬಿಡುವುದು ಯಾಕೆ? ಕಲಿಯುವವರಿಗೆ ಇದರ ಒಳ್ಳೆಯ ಗುಣ ಏನೆಂದರೆ ತಪ್ಪು ಬಿಸಿಯಾಗಿ ತೋರಿಸುತ್ತದೆ, ಒಮ್ಮೊಮ್ಮೆ ಹೊಗೆಯಾಗಿ. 12 ವೋಲ್ಟ್‌ನಿಂದ 5 ವೋಲ್ಟ್‌ಗೆ ಇಳಿಸಿ 2 ಆಂಪಿಯರ್ ಕೊಡುವ ಬಕ್ ಕನ್ವರ್ಟರ್ ಮಾಡಿ. ದಕ್ಷತೆ ಶೇ 90 ಬಂದರೆ ಒಂದು ವಾಟ್‌ಗಿಂತ ಸ್ವಲ್ಪ ಜಾಸ್ತಿ ಶಾಖವಾಗಿ ಹೋಗುತ್ತದೆ, ಶೇ 75 ಬಂದರೆ ಮೂರು ವಾಟ್ ದಾಟಿ ಮಾಸ್ಫೆಟ್ (ಸ್ವಿಚ್ ಆಗಿ ಕೆಲಸ ಮಾಡುವ ಟ್ರಾನ್ಸಿಸ್ಟರ್) ಮುಟ್ಟಲಾಗದಷ್ಟು ಬಿಸಿ. ಬ್ರೆಡ್‌ಬೋರ್ಡ್ ಮೇಲೆ ಇದು ನೆಟ್ಟಗೆ ಓಡುವುದಿಲ್ಲ, ಹಾಗಾಗಿ ಕೀಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮಾಡುವುದನ್ನು ಕಲಿಯಲೇಬೇಕಾಗುತ್ತದೆ. ಒಂದರ ಜೊತೆ ಇನ್ನೊಂದು ಕಸುಬು ಕೈಗೆ ಬರುತ್ತದೆ. ಕರೆಂಟ್ ಲಿಮಿಟ್ ಇರುವ ಸಪ್ಲೈ ಇಟ್ಟುಕೊಳ್ಳಿ, ಮನೆಯ 230 ವೋಲ್ಟ್ ಮುಟ್ಟಲು ಹೋಗಬೇಡಿ.

ಆರ್‌ಎಫ್ (ರೇಡಿಯೋ ತರಂಗ) ಕಡೆ ಒಲವಿದ್ದವರಿಗೂ ಬೆಂಗಳೂರು ಸರಿಯಾದ ಜಾಗ. 1954ರಿಂದ ಬಿಇಎಲ್ ಇದೆ, ರೇಡಾರ್‌ಗೆ ಡಿಆರ್‌ಡಿಒದ ಎಲ್‌ಆರ್‌ಡಿಇ ಇದೆ, ಉಪಗ್ರಹಕ್ಕೆ ಇಸ್ರೋ ಇದೆ. ಹಿಂದೆ ಆಂಟೆನಾ ಅಳೆಯಲು ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕಿತ್ತು, ಈಗ ನ್ಯಾನೋವಿಎನ್‌ಎ ಅನ್ನುವ ಅಂಗೈ ಅಗಲದ ಸಾಧನ ಕೆಲವು ಸಾವಿರಕ್ಕೆ ಬರುತ್ತದೆ. ಕೆಲಸಗಳ ಸಂಖ್ಯೆ ಉಳಿದವಕ್ಕಿಂತ ಕಡಿಮೆ, ಪೈಪೋಟಿಯೂ ಕಡಿಮೆ.

ಎಐ ಬಂದ ಮೇಲೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ. ಮೇಲೆ ಹೇಳಿದ ಫಿಫೋ ಈಗ ಎಐ ಕೇಳಿದರೆ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ, ಬಹಳ ಸಲ ಸರಿಯಾಗೇ. ಹಾಗಾಗಿ ಟೈಪ್ ಮಾಡುವ ಕೆಲಸದ ಬೆಲೆ ಇಳಿಯುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಆ ಕೋಡ್ ಸರಿಯಿದೆ ಅಂತ ಸಹಿ ಹಾಕುವವರು ಯಾರು? ಒಂದು ಟೇಪ್‌ಔಟ್‌ಗೆ (ಮುಗಿದ ಡಿಸೈನನ್ನು ಫ್ಯಾಬ್‌ಗೆ ಕಳಿಸುವುದು) ಕೋಟಿಗಟ್ಟಲೆ ಸುರಿಯುವ ಕಂಪನಿ ಎಐ ಹೇಳಿತು ಅಂತ ಫೈಲ್ ಕಳಿಸುವುದಿಲ್ಲ. ಕೇಬಲ್‌ನ 200 ಪಿಕೋಫ್ಯಾರಡ್ ಎಐಗೆ ಕಾಣುವುದೂ ಇಲ್ಲ, ಸ್ಕೋಪ್ ಹಿಡಿದವರಿಗೆ ಕಾಣುತ್ತದೆ. ಬರೆಯುವುದಕ್ಕಿಂತ ತಪ್ಪು ಹುಡುಕುವ ಕಡೆ ವಾಲುವ ಸ್ಕಿಲ್‌ಗಳಿಗೆ ಇನ್ನು ಮುಂದೆ ಬೆಲೆ ಜಾಸ್ತಿ ಅಂತ ನಾನು ನಂಬಿದ್ದೇನೆ.

ಇನ್ನು ಟ್ರೈನಿಂಗ್ ಇನ್‌ಸ್ಟಿಟ್ಯೂಟ್‌ಗಳು. ಬೆಂಗಳೂರಿನಲ್ಲಿ ವಿಎಲ್‌ಎಸ್‌ಐ ನಾಮಫಲಕಗಳಿಗೆ ಬರವಿಲ್ಲ, ಫೀಸು ಲಕ್ಷ ದಾಟುವುದೂ ಇದೆ. ಒಳ್ಳೆಯವೂ ಇವೆ, ಸುಮ್ನೆ ದುಡ್ಡು ಕೀಳುವವೂ ಇವೆ. ಸೇರುವ ಮುಂಚೆ ಎರಡು ವಿಷಯ ಕೇಳಿ: ಟೂಲ್ ಲೈಸೆನ್ಸ್ ಎಷ್ಟು ಗಂಟೆ ನನ್ನ ಕೈಗೆ ಸಿಗುತ್ತದೆ, ಮತ್ತು ಪ್ರಾಜೆಕ್ಟ್ ಎಲ್ಲರಿಗೂ ಒಂದೇನಾ? ಇಡೀ ಬ್ಯಾಚ್‌ನ ರೆಸ್ಯೂಮೆಯಲ್ಲಿ ಒಂದೇ ಎಎಚ್‌ಬಿ-ಎಪಿಬಿ ಬ್ರಿಡ್ಜ್ ಪ್ರಾಜೆಕ್ಟ್, ಒಂದೇ ವಾಕ್ಯ ಇದ್ದರೆ ಇಂಟರ್‌ವ್ಯೂ ಮಾಡುವವರಿಗೆ ಅದು ಎಲ್ಲಿಂದ ಬಂದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. "ಶೇ 100 ಪ್ಲೇಸ್‌ಮೆಂಟ್" ಅಂತ ಬರೆದ ಕಡೆ ಅದಕ್ಕಿರುವ ಷರತ್ತುಗಳನ್ನು ಓದದೆ ಸಾಲ ಮಾಡಿ ಕಟ್ಟಬೇಡಿ. ಮನೆಯಲ್ಲೇ ಮೂರು ತಿಂಗಳು ಉಚಿತ ಟೂಲ್‌ಗಳಲ್ಲಿ ಕೆಲಸ ಮಾಡಿ ನೋಡಿ, ಆಮೇಲೂ ಅದರ ಮೇಲೆ ಮನಸ್ಸಿದ್ದರೆ ಆಗ ಫೀಸಿನ ಯೋಚನೆ.

ಕೊನೇ ವರ್ಷದ ಪ್ರಾಜೆಕ್ಟನ್ನೂ ಇದಕ್ಕೇ ಬಳಸಿಕೊಳ್ಳಬಹುದು. ಅಂಗಡಿಯಲ್ಲಿ ರೆಡಿ ಪ್ರಾಜೆಕ್ಟ್ ಕೊಳ್ಳುವ ಚಾಳಿ ಎಲ್ಲ ಊರಲ್ಲೂ ಇದೆ, ದುಡ್ಡೂ ಹೋಗುತ್ತದೆ, ಕಲಿಯುವ ಅವಕಾಶವೂ. ಅದರ ಬದಲು ನಾಲ್ಕು ಜನ ಸೇರಿ ಚಿಕ್ಕದೊಂದನ್ನು ಆರಿಸಿ. ಒಬ್ಬರು ಪಿಸಿಬಿ, ಒಬ್ಬರು ಪವರ್ ಸಪ್ಲೈ, ಒಬ್ಬರು ಫರ್ಮ್‌ವೇರ್, ಒಬ್ಬರು ಟೆಸ್ಟ್. ಏನೇನು ಕೆಟ್ಟಿತು, ಯಾವ ತರಂಗ ನೋಡಿ ಗೊತ್ತಾಯಿತು, ಏನು ಬದಲಿಸಿದಿರಿ ಅನ್ನುವುದನ್ನು ತಾರೀಕು ಹಾಕಿ, ಸ್ಕೋಪ್‌ನ ಫೋಟೋ ಸಮೇತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಇಂಟರ್‌ವ್ಯೂನಲ್ಲಿ "ನೀವು ಹಿಡಿದ ಕಷ್ಟದ ಬಗ್ ಯಾವುದು" ಅಂತ ಕೇಳುತ್ತಾರೆ, ವೆರಿಫಿಕೇಶನ್ ಇರಲಿ, ಫರ್ಮ್‌ವೇರ್ ಇರಲಿ, ಬೋರ್ಡ್ ಡಿಸೈನ್ ಇರಲಿ. ಆಗ ಆ ಪುಸ್ತಕ ತೆಗೆದು ಮೇಜಿನ ಮೇಲೆ ಇಡಿ.